ಯಂತ್ರಕ್ಕೆ ದಾನಿ ಸಿಗ್ತಾರೆ, ಮೆಂಬ್ರೇನ್‌ಗೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆಸ್ಪತ್ರೆಗೆ ಆಂಬುಲೆನ್ಸ್ ಕೊಡಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಮುಂಬೈಯಲ್ಲೋ ಬೆಂಗಳೂರಲ್ಲೋ ಚೆನ್ನಾಗಿ ದುಡಿದ ಊರಿನವರೊಬ್ಬರು ಸಿಗುತ್ತಾರೆ. ಇಲ್ಲಾಂದ್ರೆ ಯಾವುದೋ ಬ್ಯಾಂಕು, ಕಂಪನಿ. ಹೂವಿನ ಹಾರ, ರಿಬ್ಬನ್ನು, ಕೀಲಿಕೈ ಕೊಡುವ ಫೋಟೋ, ಮರುದಿನ ಪೇಪರಿನಲ್ಲಿ ಸುದ್ದಿ. ಆಮೇಲೆ ಡ್ರೈವರ್ ಸಂಬಳ ಯಾರು ಕೊಡಬೇಕು, ಟೈರ್ ಸವೆದರೆ ಯಾರು ಹಾಕಿಸಬೇಕು ಅಂತ ಕೇಳಿ ನೋಡಿ. ಮೀಟಿಂಗಿನಲ್ಲಿ ಇದ್ದವರೆಲ್ಲ ಒಟ್ಟಿಗೇ ಚಹಾ ಲೋಟ ಎತ್ತಿಕೊಳ್ಳುತ್ತಾರೆ.

ಕುಮಟಾ ಕಡೆಯ ಒಂದು ಸಣ್ಣ ಟ್ರಸ್ಟಿನ ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ತಿರುಗುವವನು ನಾನು. ಊರಿನ ಆಸ್ಪತ್ರೆಗಳಿಗೆ ದುಡ್ಡು ಎತ್ತುವುದು ನಮ್ಮ ಕೆಲಸ. ಎತ್ತುವ ರೀತಿಯೇ ತಪ್ಪಿದೆ ಅಂತ ನನಗೆ ಅನಿಸಲು ಶುರುವಾಗಿ ಸುಮಾರು ಕಾಲ ಆಯ್ತು. ಬರಹ ಸ್ವಲ್ಪ ಉದ್ದ, ಸಹಿಸ್ಕೊಳ್ಳಿ.

ಡಯಾಲಿಸಿಸ್ ವಿಷಯವನ್ನೇ ತಗೊಳ್ಳಿ. ಒಬ್ಬ ರೋಗಿಗೆ ಒಂದು ಸಲಕ್ಕೆ ಸುಮಾರು ನಾಲ್ಕು ತಾಸು ಬೇಕು. ವಾರಕ್ಕೆ ಎರಡೋ ಮೂರೋ ಸಲ. ಆ ನಾಲ್ಕು ತಾಸೂ ಯಂತ್ರಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಂತೆ ನೀರು ಹೋಗ್ತಾನೇ ಇರಬೇಕು. ಅಂದರೆ ಒಬ್ಬರಿಗೆ ಒಂದು ಸಲಕ್ಕೆ 120 ಲೀಟರ್. ಅದು ಕುಡಿಯುವ ನೀರಿಗಿಂತ ಎಷ್ಟೋ ಪಾಲು ಶುದ್ಧವಾಗಿರಬೇಕು. ಹಾಗೆ ಶುದ್ಧ ಮಾಡಿ ಕೊಡುವುದು ಆಸ್ಪತ್ರೆಯ ಹಿಂಬದಿಯಲ್ಲಿ, ಜನರೇಟರ್ ಪಕ್ಕ ಎಲ್ಲೋ ಇರುವ ಆರ್‌ಒ ಪ್ಲಾಂಟ್. ಅದರೊಳಗಿನ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಆಗಾಗ ಬದಲಿಸಬೇಕು. ನಮ್ಮ ಕಡೆ ಏಪ್ರಿಲ್, ಮೇ ಬಂತೆಂದರೆ ಹೊಳೆಬದಿಯ ಬಾವಿಗಳಲ್ಲಿ ಉಪ್ಪು ಏರುತ್ತದೆ. ಅಘನಾಶಿನಿ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪು ಜಾಸ್ತಿಯಾದರೆ ಮೆಂಬ್ರೇನ್ ಬೇಗ ಹಾಳು. ಅದು ಹೋಯ್ತು ಅಂದ್ರೆ ಪ್ಲಾಸ್ಟಿಕ್ ಕವರ್ ತೆಗೆದು ವರ್ಷ ಆಗದ ಯಂತ್ರವೂ ಸುಮ್ನೆ ನಿಂತಿರುತ್ತದೆ. ಹಾಸಿಗೆಯ ಮೇಲಿದ್ದವರನ್ನು ಎಬ್ಬಿಸಿ ಮಂಗಳೂರಿಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಬಸ್ಸು ಹತ್ತಿಸಬೇಕು.

ಯಂತ್ರದ ಮೇಲೆ ದಾನಿಗಳ ಹೆಸರಿನ ಸ್ಟಿಕ್ಕರ್ ಇರುತ್ತದೆ, ತಂದೆ ತಾಯಿಯ ಸ್ಮರಣಾರ್ಥ ಅಂತ. ತಪ್ಪೇನಿಲ್ಲ. ಮುಂಬೈಯಲ್ಲಿರುವ ಹಿರಿಯರೊಬ್ಬರಿಗೆ ನಾನೇ ಫೋನ್ ಮಾಡಿ, "ಈ ವರ್ಷ ಮೆಂಬ್ರೇನು, ಫಿಲ್ಟರ್ ಖರ್ಚು ನೋಡ್ಕೊಳ್ತೀರಾ?" ಅಂತ ಕೇಳಿದೆ. ಅವರು ನಕ್ಕು, "ಅದಕ್ಕೆ ಹೆಸರು ಎಲ್ಲಿ ಹಾಕ್ತೀರಿ ಮಾರಾಯ್ರೆ? ಇನ್ನೊಂದು ಯಂತ್ರ ಬೇಕಾದ್ರೆ ಹೇಳಿ, ಕೊಡುವಾ" ಅಂದರು. ಒಳ್ಳೆಯ ಮನುಷ್ಯರೇ. ಆದರೆ ನೀರಿಲ್ಲದ ಕಡೆ ಇನ್ನೊಂದು ಯಂತ್ರ ತಂದು ಏನು ಮಾಡುವುದು?

ಇನ್ನು ನಮ್ಮ ಸಹಾಯಾರ್ಥ ಆಟದ, ಅಂದರೆ ಯಕ್ಷಗಾನ ಪ್ರದರ್ಶನದ ಕಥೆ. ಆಸ್ಪತ್ರೆಗೆ ದುಡ್ಡು ಬೇಕೆಂದರೆ ನಮ್ಮ ಕಡೆ ಮೊದಲು ಬಾಯಿಗೆ ಬರುವ ಮಾತೇ "ಒಂದು ಆಟ ಇಡುವಾ". ಯಕ್ಷಗಾನ ನನಗೂ ಜೀವ. ಆದರೆ ಲೆಕ್ಕ ನೋಡಿ. ಮೇಳಕ್ಕೆ ಕೊಡುವ ವೀಳ್ಯದ ದುಡ್ಡು, ಬೇರೆ ಮೇಳದಿಂದ ಕರೆಸಿದ ಅತಿಥಿ ಕಲಾವಿದರ ಸಂಭಾವನೆ, ಸೌಂಡು, ಲೈಟು, ಕುರ್ಚಿ, ಬ್ಯಾನರ್, ಪರವಾನಿಗೆ, ಊಟ. ಟಿಕೆಟ್ ಪುಸ್ತಕ ಮನೆಮನೆಗೆ ಹಂಚಿರುತ್ತೇವೆ, ಅರ್ಧ ಪುಸ್ತಕ ವಾಪಸ್ ಬರುವುದೇ ಇಲ್ಲ, ದುಡ್ಡೂ ಬರುವುದಿಲ್ಲ. ಮುಂದಿನ ಸಾಲಿನ ತುಂಬ ಗೌರವ ಪಾಸಿನವರು. ಸನ್ಮಾನದ ಶಾಲು, ಫಲಕ, ಹಣ್ಣಿನ ಬುಟ್ಟಿಯ ಖರ್ಚು ಬೇರೆ! ಬೆಳಗಿನ ಜಾವ ಕೂತು ಲೆಕ್ಕ ಮಾಡಿದಾಗ ಉಳಿಯುವ ದುಡ್ಡಿಗಿಂತ, ಆ ಊರಿನವರು ಟಿಕೆಟ್ಟಿಗೆ ಕೊಟ್ಟ ದುಡ್ಡನ್ನೇ ನೇರ ಆಸ್ಪತ್ರೆಗೆ ಕೊಟ್ಟಿದ್ದರೆ ಎಷ್ಟೋ ಜಾಸ್ತಿ ಆಗುತ್ತಿತ್ತು. ಆಟ ಬೇಡ ಅಂತ ನಾನು ಹೇಳಲ್ಲ. ಆಟದ ಸುಖಕ್ಕೆ ಆಟ ಇಡಿ.

ವಸೂಲಿಗೂ ಒಂದು ಕಾಲ ಅಂತ ಇದೆ, ಅದು ಬೆಂಗಳೂರಿನಲ್ಲಿ ಕೂತು ಪ್ಲ್ಯಾನ್ ಬರೆಯುವವರಿಗೆ ತಿಳಿಯದು. ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿ ಕಡಲಿಗೆ ಇಳಿಯುವಂತಿಲ್ಲ. ಆಗ ಕಾರವಾರದ ಬೈತಖೋಲದಲ್ಲೋ ತದಡಿಯಲ್ಲೋ ರಸೀದಿ ಪುಸ್ತಕ ತೆಗೆದರೆ ಬೈಸಿಕೊಳ್ಳುವುದು ಖಾತ್ರಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ತೋಟದವರ ಕೈಯಲ್ಲಿ ಅಡಿಕೆ ಸೊಸೈಟಿಗೆ ಹೋದ ಮೇಲೆಯೇ ದುಡ್ಡು ಓಡಾಡುವುದು. ಆಸ್ಪತ್ರೆಯ ಕರೆಂಟ್ ಬಿಲ್ಲಿಗೆ ಮಾತ್ರ ಇಂಥ ಕಾಲ ಇಲ್ಲ, ತಿಂಗಳು ತಿಂಗಳು ಬರುತ್ತದೆ.

ಕಂಪನಿಗಳು ಸಮಾಜಕ್ಕೆ ಅಂತ ತೆಗೆದಿಡುವ ಸಿಎಸ್‌ಆರ್ ದುಡ್ಡು ಇದೆಯಲ್ಲ ಅಂತ ಕೇಳುವವರಿದ್ದಾರೆ. 2013ರ ಕಂಪನಿ ಕಾಯಿದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ನಿಜ. ಆದರೆ ಒಂದು ಯೋಜನೆಯನ್ನು ಮುಂದುವರಿಸಿದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷ, ಅಷ್ಟಕ್ಕೇ ಮಿತಿ. ನಾಲ್ಕು ವರ್ಷ ಆದ ಮೇಲೆ ಟೆಕ್ನಿಷಿಯನ್‌ಗೆ ಮನೆಗೆ ಹೋಗು ಅನ್ನಬೇಕಾ? ಕಂಪನಿಯವರಿಗೂ ಕಟ್ಟಡ, ಯಂತ್ರ ಅಂದರೆ ಖುಷಿ. ವರದಿಯಲ್ಲಿ ಫೋಟೋ ಹಾಕಬಹುದು. ನರ್ಸಿನ ಸಂಬಳಕ್ಕೆ ಯಾವ ಫೋಟೋ ಹಾಕ್ತಾರೆ?

ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯಲು 80ಜಿ ರಸೀದಿ ಕೊಡ್ತೀರಾ ಅಂತ ಕೇಳುವವರೂ ಇದ್ದಾರೆ. ಅವರಿಗೆ ಎರಡು ಮಾತು. 2000 ರೂಪಾಯಿ ಮೇಲೆ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಚೆಕ್ಕೋ ಆನ್‌ಲೈನೋ ಆಗಬೇಕು. ನೀವು ಹೊಸ ತೆರಿಗೆ ಪದ್ಧತಿಗೆ ಹೋಗಿದ್ದರೆ ಹೇಗೆ ಕೊಟ್ಟರೂ ಸಿಗುವುದಿಲ್ಲ. ಆದ್ದರಿಂದ ತೆರಿಗೆ ಉಳಿಯುತ್ತದೆ ಅಂತ ಆಸೆ ಹಚ್ಚಿ ದಾನ ಕೇಳುವ ಕಾಲ ಮುಗಿಯುತ್ತಾ ಬಂದಿದೆ.

ಹಾಗಾದರೆ ಶಾಶ್ವತ ನಿಧಿ? ನಮ್ಮಲ್ಲಿ ಹಿರಿಯರಿಗೆ ಇದರ ಮೇಲೆ ಭಾರಿ ಮೋಹ. 10 ಲಕ್ಷ ಠೇವಣಿ ಇಟ್ಟರೆ ಶೇಕಡಾ 7ರ ಬಡ್ಡಿಯಲ್ಲಿ ವರ್ಷಕ್ಕೆ 70 ಸಾವಿರ. ತಿಂಗಳಿಗೆ ಆರು ಸಾವಿರವೂ ಆಗಲಿಲ್ಲ. ಅದೇ 300 ಮನೆಯವರು ತಿಂಗಳಿಗೆ 200 ರೂಪಾಯಿ ಕೊಟ್ಟರೆ 60 ಸಾವಿರ. ಅಷ್ಟು ದುಡ್ಡು ಬಡ್ಡಿಯಿಂದ ಬರಬೇಕೆಂದರೆ ಒಂದು ಕೋಟಿಗಿಂತ ಜಾಸ್ತಿ ಇಡಬೇಕು. ಕೋಟಿ ಕೊಡುವವರು ಯಾವಾಗ ಸಿಗ್ತಾರೋ ದೇವರಿಗೇ ಗೊತ್ತು. 200 ಕೊಡುವವರು ಕುಮಟಾ ಪೇಟೆಯೊಂದರಲ್ಲೇ ಸಿಗ್ತಾರೆ. ಹೀಗೆ ಕೂಡಿಸುವುದು ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದಾಗ ಹಳ್ಳಿಗೆ ಶಾಲೆ ಬೇಕಿತ್ತು. ಆ ಶಾಲೆಗಳಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಇವತ್ತು ಸಂಬಳದ ನೌಕರಿಯಲ್ಲಿದ್ದಾರೆ, ತಿಂಗಳಿಗೆ 200 ಅವರನ್ನು ಕೇಳಬಹುದಲ್ಲ.

"ತೆರಿಗೆಯನ್ನೂ ಕಟ್ಟಿ, ಆಸ್ಪತ್ರೆಗೆ ವಂತಿಗೆಯನ್ನೂ ಕೊಡ್ಬೇಕಾ?" ಅಂತ ಕೆಳಗೆ ಕಾಮೆಂಟಿನಲ್ಲಿ ಯಾರಾದರೂ ಬರೆದೇ ಬರೀತಾರೆ. ನ್ಯಾಯವಾದ ಪ್ರಶ್ನೆ. ಕಾಳಿ ನದಿಗೆ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಅಂತ ಈ ಜಿಲ್ಲೆ ನೆಲ ಕೊಟ್ಟಿದ್ದು ಸಾಲದಾ? ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಗಿದ್ದೇ 2016ರಲ್ಲಿ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ತೀರಿಹೋದರು (ಬೈಂದೂರು ಬದಿಯ ಶಿರೂರು, ಅಂಕೋಲೆಯದ್ದಲ್ಲ). ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಆಗ ಇದೇ ಫೇಸ್‌ಬುಕ್ಕಿನಲ್ಲಿ ನಾವೆಲ್ಲ ಕೂಗಿದೆವು. ಆ ಕೂಗು ನಿಲ್ಲಬಾರದು. ಟ್ರಾಮಾ ಸೆಂಟರ್, ಹೃದಯದ ಕ್ಯಾಥ್ ಲ್ಯಾಬ್, ತಜ್ಞ ವೈದ್ಯರು ಸರ್ಕಾರದ ಕೆಲಸ. ಟ್ರಸ್ಟಿನವರು ಅದಕ್ಕೆಲ್ಲ ರಸೀದಿ ಹರಿಯಲು ಹೊರಟರೆ ಸರ್ಕಾರಕ್ಕೆ ನಾವೇ ನೆಪ ಒದಗಿಸಿದ ಹಾಗೆ. ಅದಕ್ಕೇ ನಾನು ಟ್ರಸ್ಟುಗಳು ಸಣ್ಣ ಖರ್ಚಿಗೆ ಇಳಿಯಲಿ ಅನ್ನುವುದು. ಟೆಂಡರ್ ಆಗಿ, ಬಿಲ್ ಪಾಸಾಗಿ, ಫಿಲ್ಟರ್ ಬರುವಷ್ಟರಲ್ಲಿ ಹೋಗುವ ವಾರಗಳಿವೆಯಲ್ಲ, ಅಲ್ಲಿ ಊರಿನ ದುಡ್ಡು ಬೇಕು. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ರೋಗಿಯ ಸಂಗಡ ಹುಬ್ಬಳ್ಳಿಗೆ ಹೋಗಿ ಕೂತ ಹೆಂಡತಿಯ ಊಟ, ಬಸ್ ಚಾರ್ಜು, ಕಳೆದುಕೊಂಡ ಕೂಲಿ ಯಾವ ಕಾರ್ಡಿನಲ್ಲೂ ಇಲ್ಲ.

ನಮ್ಮ ಟ್ರಸ್ಟಿನ ಹೋದ ಮೀಟಿಂಗಿನಲ್ಲಿ ಇಷ್ಟನ್ನೂ ಹೇಳಿದೆ. ಜೋರು ಜಗಳವೇ ಆಯ್ತು. "ಹೆಸರಿಲ್ಲದೆ ಯಾರು ಕೊಡ್ತಾರೆ ಹೇಳಿ" ಅಂದರು ನಮ್ಮ ಖಜಾಂಚಿ. ಕೊನೆಗೆ ಒಂದು ವರ್ಷ ಮಾಡಿ ನೋಡುವಾ ಅಂತ ಒಪ್ಪಿದ್ದಾರೆ. ಈ ವರ್ಷ ಹೊಸ ಯಂತ್ರ ಇಲ್ಲ, ಆಟ ಇಲ್ಲ, ಸನ್ಮಾನ ಇಲ್ಲ. ತಿಂಗಳ ವಂತಿಗೆ ಮಾತ್ರ, ಯುಪಿಐ ಆಟೋಪೇನಲ್ಲಿ. ಬಂದದ್ದೆಷ್ಟು, ಮೆಂಬ್ರೇನ್‌ಗೆ ಹೋದದ್ದೆಷ್ಟು, ಡೀಸೆಲ್‌ಗೆಷ್ಟು ಅಂತ ಪ್ರತಿ ತಿಂಗಳು ಆಸ್ಪತ್ರೆಯ ಓಪಿಡಿ ಚೀಟಿ ಮಾಡುವ ಕಿಟಕಿ ಪಕ್ಕ ಹಚ್ಚುತ್ತೇವೆ. ಕೊಟ್ಟವರ ಹೆಸರೂ ಅದರ ಕೆಳಗೇ ಇರುತ್ತದೆ, 200 ಕೊಟ್ಟವರದ್ದೂ 2000 ಕೊಟ್ಟವರದ್ದೂ ಒಂದೇ ಅಕ್ಷರದಲ್ಲಿ, ಅಕಾರಾದಿಯಾಗಿ. ಖಜಾಂಚಿಯವರಿಗೆ ಇನ್ನೂ ನಂಬಿಕೆ ಬಂದಿಲ್ಲ. ಮೊದಲ ಹೆಸರು ಮಾತ್ರ ಅವರದ್ದೇ ಬರೆಸಿದ್ದಾರೆ.