ದುಡಿದ ಬೆರಳಿಗೆ ತೆಗೆಯದ ಬಾಗಿಲು

ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 18 ಮನೆಗಳ ಹಳೇ ಅಪಾರ್ಟ್‌ಮೆಂಟು. ಹೋದ ವರ್ಷದವರೆಗೂ ಕೆಳಗೆ ಒಂದು ಕಬ್ಬಿಣದ ಗೇಟು, ಒಂದು ಬೀಗ, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ವಾಚ್‌ಮನ್ ತಾತ. ಅಷ್ಟೇ ಇದ್ದದ್ದು. ನಮ್ಮ ಅಧ್ಯಕ್ಷರು ಬೆಂಗಳೂರಿಗೆ ಹೋಗಿ ಮಗಳ ಅಪಾರ್ಟ್‌ಮೆಂಟ್ ನೋಡಿಕೊಂಡು ಬಂದರು ನೋಡಿ, ಅಲ್ಲಿಂದ ಶುರುವಾಯ್ತು. ತಾತನ ಸಂಬಳ ದಂಡ, ಕೀಲಿಕೈ ಬೇಡದ ಬೀಗ ಹಾಕಿಸೋಣ ಅಂದರು. ಗಾಜಿನ ಬಾಗಿಲು ಬಂತು. ಗೋಡೆಗೆ ಅಂಗೈಯಗಲದ ಮೆಷಿನ್ ಬಂತು. ಬೆರಳಿಟ್ಟರೂ ತೆಗೆಯುತ್ತೆ, ಕಾರ್ಡ್ ತೋರಿಸಿದರೂ ತೆಗೆಯುತ್ತೆ, ನಂಬರ್ ಒತ್ತಿದರೂ ತೆಗೆಯುತ್ತೆ ಅಂತ ಹೇಳಿ ಮನೆಗೆ ಮೂರು ಸಾವಿರ ಕಿತ್ತರು. ತಾತ ಕುರ್ಚಿ ಬಿಟ್ಟು ಹೋದರು.

ಹೋದ ಶುಕ್ರವಾರ, ಆಷಾಢದ್ದು. ಅಮ್ಮ ಬೆಳಗ್ಗೆಯೇ ದೇವರಾಜ ಮಾರ್ಕೆಟ್‌ಗೆ ಹೋಗಿ ಎರಡು ಮೊಳ ಮಲ್ಲಿಗೆ, ವೀಳ್ಯದೆಲೆ, ಒಂದು ಕಟ್ಟು ದಂಟಿನ ಸೊಪ್ಪು ತಗೊಂಡು ಸಿಟಿ ಬಸ್ಸಲ್ಲಿ ವಾಪಸ್ ಬಂದಿದ್ದಾರೆ. ಬ್ಯಾಗ್ ಕೆಳಗಿಟ್ಟು ಬೆರಳಿಟ್ಟಿದ್ದಾರೆ. 'ಪ್ಲೀಸ್ ಟ್ರೈ ಅಗೈನ್' ಅಂದಳಂತೆ ಮೆಷಿನ್ ಒಳಗಿರೋ ಹುಡುಗಿ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟರೆ ಮತ್ತೆ ಅದೇ. ಹೆಬ್ಬೆರಳು, ತೋರುಬೆರಳು, ಎಡಗೈ, ಬಲಗೈ, ಎಲ್ಲಾ ಆಯ್ತು. ಅಷ್ಟೊತ್ತಿಗೆ ಜಡಿಮಳೆ ಹಿಡಿದಿದೆ.

ನಂಬರ್ ಒತ್ತೋಣ ಅಂದ್ರೆ ಅವತ್ತು ಬೆಳಗ್ಗೆಯೇ ಅದನ್ನ ಬದಲಾಯಿಸಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಅಮ್ಮನದು ಬಟನ್ ಫೋನು. ಕಾರ್ಡು ಮನೆಗೆ ಎರಡೇ. ಒಂದು ನನ್ನ ಜೇಬಲ್ಲಿ, ಇನ್ನೊಂದು ನನ್ನ ಹೆಂಡತಿ ಬ್ಯಾಗಲ್ಲಿ. ನಾನು ಕೆಲಸ ಮಾಡೋದು ಮೇಟಗಳ್ಳಿ ಕಡೆ ಒಂದು ಫ್ಯಾಕ್ಟರಿಯಲ್ಲಿ, ಒಳಗೆ ಫೋನ್ ಬಿಡಲ್ಲ. ಕೆಳಗೊಂದು ಬೆಲ್ಲಾದರೂ ಇದೆಯಾ? ಇಲ್ಲ. ತಾತ ಇದ್ದಾಗ ಬೆಲ್ ಯಾರಿಗೆ ಬೇಕಿತ್ತು? ಎರಡನೇ ಮಹಡಿ ಹುಡುಗ ಟ್ಯೂಷನ್ ಮುಗಿಸಿ ಬರೋವರೆಗೂ, ಮುಕ್ಕಾಲು ಗಂಟೆ, ಅಮ್ಮ ಮಲ್ಲಿಗೆ ಪೊಟ್ಟಣವನ್ನ ಸೆರಗಿನೊಳಗೆ ಇಟ್ಟುಕೊಂಡು ಗೋಡೆಗೆ ಒತ್ತಿಕೊಂಡು ನಿಂತಿದ್ದರಂತೆ. ಎಪ್ಪತ್ತೊಂದು ವರ್ಷ ಅವರಿಗೆ.

ಸಂಜೆ ನನ್ನನ್ನ ಕೇಳಿದರು, "ಯಾರ್ಲಾ ಅವ್ಳು? ಅಗೈನ್ ಅಗೈನ್ ಅಂತಾಳೆ. ನಾನೇನು ಕಳ್ಳೀನಾ?"

ಅಮ್ಮನ ಕೈ ಹಿಡಿದು ಟ್ಯೂಬ್‌ಲೈಟ್ ಕೆಳಗೆ ನೋಡಿದೆ. ನನ್ನ ಹೆಬ್ಬೆರಳಲ್ಲಿ ಗೆರೆಗಳು ಸುತ್ತು ಸುತ್ತಾಗಿ ಎದ್ದು ಕಾಣುತ್ತವೆ. ಅಮ್ಮನದು ಹಳೇ ಒರಳುಕಲ್ಲಿನ ಥರ ನುಣ್ಣಗಾಗಿದೆ. ಅಡ್ಡಕ್ಕೆ ಎರಡು ಸೀಳು, ಅದರೊಳಗೆ ಯಾವ ಕಾಲದ್ದೋ ಹುಣಸೆಹಣ್ಣಿನ ಕಪ್ಪು. ಪಾಂಡವಪುರದ ಹತ್ತಿರ ನಲವತ್ತು ವರ್ಷ ಕಬ್ಬಿನ ಸೋಗೆ ಎಳೆದು, ಕಳೆ ಕಿತ್ತು, ಬೆರಣಿ ತಟ್ಟಿದ ಕೈ ಅದು. ಮೆಷಿನ್ ನೋಡೋದು ಗೆರೆ ಎಲ್ಲಿ ನಿಲ್ಲುತ್ತೆ, ಎಲ್ಲಿ ಕವಲೊಡೆಯುತ್ತೆ ಅಂತ. ಗೆರೆಯೇ ಸವೆದಿದ್ದರೆ ಅದೇನು ನೋಡುತ್ತೆ, ಮಣ್ಣು! ನ್ಯಾಯಬೆಲೆ ಅಂಗಡಿ ಮುಂದೆ ಅಜ್ಜಿಯರು 'ಹೆಬ್ಬೆಟ್ಟು ಬರ್ತಿಲ್ಲ' ಅಂತ ನಿಂತಿರೋದನ್ನ ಎಲ್ಲರೂ ನೋಡಿದ್ದೇವಲ್ಲ. ಅದನ್ನೇ ದುಡ್ಡು ಕೊಟ್ಟು ಮನೆ ಬಾಗಿಲಿಗೆ ತಂದುಕೊಂಡಿದ್ದೇವೆ.

ಅಮ್ಮನೊಬ್ಬರದೇ ಕಥೆ ಅಲ್ಲ. ನಾಲ್ಕು ಮನೆ ಪಾತ್ರೆ ತಿಕ್ಕೋ ಕೆಲಸದಮ್ಮನ ಬೆರಳೂ ಬರಲ್ಲ. ಸೋಪಿನ ನೀರಲ್ಲಿ ನೆಂದು ನೆಂದು ತುದಿ ಸುಕ್ಕಾಗಿರುತ್ತೆ. ಟೈಲ್ಸ್ ಕೆಲಸದ ಮೇಸ್ತ್ರಿಯದೂ ಬರಲ್ಲ, ಸಿಮೆಂಟು ತಿಂದು ಹಾಕಿದೆ. ಅಧ್ಯಕ್ಷರದು? ಒಂದೇ ಸಲಕ್ಕೆ 'ಥ್ಯಾಂಕ್ ಯೂ'. ಬರದೇ ಏನು, ಆ ಬೆರಳು ರಿಮೋಟ್ ಬಿಟ್ಟು ಬೇರೆ ಏನನ್ನ ಮುಟ್ಟಿದೆ!

ಬೀಗ ಹಾಕಿದವನಿಗೆ ಫೋನ್ ಮಾಡಿದೆ. "ಸಾರ್, ಆಂಟಿಗೆ ಬೆರಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಂಡು ಇಡಕ್ಕೆ ಹೇಳಿ" ಅಂದ. ಮನೆಗೆ ಬರೋಕೆ ಮುಂಚೆ ಎಣ್ಣೆ ಬಾಟಲಿ ಹಿಡ್ಕೊಂಡು ಓಡಾಡಬೇಕಾ? ಇನ್ನೊಂದು ಕಾರ್ಡ್ ಕೊಡಪ್ಪಾ ಅಂದ್ರೆ 300 ರೂಪಾಯಿ, ಅದೂ ಅಧ್ಯಕ್ಷರು ಹೇಳಬೇಕು. ಅಧ್ಯಕ್ಷರು ಸೆಕ್ಯುರಿಟಿ ಪ್ರಾಬ್ಲಮ್ ಆಗುತ್ತೆ ಅಂತಾರೆ.

ಸೆಕ್ಯುರಿಟಿ ಅಂದ್ರೆ ಏನು ಅಂತ ಹೇಳ್ತೀನಿ ಕೇಳಿ. ಒಂದು ವರ್ಷ ಒಂದೇ ನಂಬರ್ ಇತ್ತು. ಊಟ ತರೋ ಹುಡುಗರಿಗೆ, ಹಾಲಿನವನಿಗೆ, ಕೊರಿಯರ್‌ನವನಿಗೆ ಎಲ್ಲರಿಗೂ ಬಾಯಿಪಾಠ. ಅದಕ್ಕೇ ಬದಲಾಯಿಸಿದ್ದು. ಹೇಗೆ ಬದಲಾಯಿಸಿದರು ಗೊತ್ತಾ? ಹಳೇ ನಂಬರನ್ನೇ ಹಿಂದುಮುಂದು ಮಾಡಿದರು! ಆ ನಾಲ್ಕು ಬಟನ್ ಆಗಲೇ ಸವೆದು ಅಂಕಿ ಅಳಿಸಿಹೋಗಿದೆ. ನಾಲ್ಕಂಕಿಯ ನಂಬರ್ ಅಂದ್ರೆ 10,000 ಥರ ಇರಬಹುದು, ಸರಿ. ಆದರೆ ಯಾವ ನಾಲ್ಕು ಅಂತ ಗೊತ್ತಾದ ಮೇಲೆ ಉಳಿಯೋದು ಬರೀ 24. ಒಂದು ಟೀ ಕುಡಿಯೋಷ್ಟರಲ್ಲಿ ಮುಗಿಯುತ್ತೆ.

ಇನ್ನು ಮಂಗಳವಾರದ ಕಥೆ. ಆ ಬಾಗಿಲನ್ನ ಹಿಡಿದಿರೋದು ಕೊಂಡಿ ಅಲ್ಲ, ಮೇಲೆ ಚೌಕಟ್ಟಿಗೆ ಕೂರಿಸಿರೋ ಅಯಸ್ಕಾಂತ. 12 ವೋಲ್ಟಿನದು, 280 ಕೆಜಿ ಹಿಡಿತ ಅಂತ ಅದರ ಮೇಲೇ ಚೀಟಿ ಅಂಟಿಸಿದ್ದಾರೆ. ಕರೆಂಟ್ ಇದ್ದರೆ ಆನೆ ಬಂದು ನೂಕಬೇಕು. ಕರೆಂಟ್ ಹೋದರೆ ಕೈ ಬಿಡುತ್ತೆ. ಅದು ತಪ್ಪಲ್ಲ, ಬೇಕೂಂತಲೇ ಹಾಗೆ ಮಾಡಿರೋದು. ಬೆಂಕಿ ಗಿಂಕಿ ಬಿದ್ದರೆ ಒಳಗಿರೋರು ಓಡಿ ಹೋಗಬೇಕಲ್ಲ. ಆದರೆ ಅದರ ಜೊತೆ ಒಂದು ಬ್ಯಾಟರಿ ಇರುತ್ತೆ, ಅದು ಚೆನ್ನಾಗಿದ್ದರೆ ಕರೆಂಟ್ ಹೋದಮೇಲೂ ಒಂದಷ್ಟು ಗಂಟೆ ಬಾಗಿಲು ಹಿಡಿದಿರುತ್ತೆ. ನಮ್ಮದು ಉಬ್ಬಿಕೊಂಡು ಸತ್ತುಹೋಗಿದೆ. ಯಾರೂ ಡಬ್ಬ ತೆಗೆದು ನೋಡಿಲ್ಲ. ಮಂಗಳವಾರ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯ್ತು, ಬಂದಿದ್ದು ಬೆಳಗ್ಗೆ ಐದಕ್ಕೆ. ಆರು ಗಂಟೆ ಬಾಗಿಲು ಗಾಳಿಗೆ ಪಟಪಟ ಬಡ್ಕೊಂಡಿದೆ. ನಾನು ಹಾಲು ತರೋಕೆ ಇಳಿದಾಗ ಲಿಫ್ಟ್ ಮುಂದಿನ ಮ್ಯಾಟ್ ಮೇಲೆ ಎರಡು ಬೀದಿನಾಯಿ ಬೆಚ್ಚಗೆ ಮಲಗಿದ್ದವು. ಅವಕ್ಕೆ ಯಾರೂ ಟ್ರೈ ಅಗೈನ್ ಅಂದಿಲ್ಲ.

ಅಧ್ಯಕ್ಷರಿಗೆ ಫೋಟೋ ಕಳಿಸಿದೆ. ಹೆಬ್ಬೆರಳು ಎತ್ತಿದ ಗುರುತು ಹಾಕಿ ಸುಮ್ಮನಾದರು. ಹೆಬ್ಬೆರಳೇ ಬೇಕಿತ್ತಾ?

ಈಗ ಭಾನುವಾರ ಹತ್ತು ಗಂಟೆಗೆ ಟೆರೇಸ್ ಮೇಲೆ ಮೀಟಿಂಗ್. ಬೆರಳಿನ ಮೆಷಿನ್ ಸರಿ ಇಲ್ಲ, ಮುಖ ನೋಡಿ ಬಾಗಿಲು ತೆಗೆಯೋದನ್ನ ತರಿಸೋಣ, ಮನೆಗೆ ಇನ್ನೆರಡು ಸಾವಿರ ಅಂತ ಗ್ರೂಪಲ್ಲಿ ಹಾಕಿದ್ದಾರೆ. ಅಲ್ಲಾ ಸ್ವಾಮಿ, ಮುಖ ನೋಡಿ ಬಾಗಿಲು ತೆಗೆಯೋರು ಒಬ್ಬರು ಇದ್ದರಲ್ಲ! ಅಮ್ಮ ಬೀದಿ ತಿರುವಿಗೆ ಬರೋ ಹೊತ್ತಿಗೇ ಎದ್ದು ಹೋಗಿ ಬ್ಯಾಗ್ ಇಸ್ಕೊಳ್ತಿದ್ದರು. ತಾತ ಈಗ ರಾಮಕೃಷ್ಣನಗರದ ಕಡೆ ಒಂದು ಕಲ್ಯಾಣ ಮಂಟಪದಲ್ಲಿ ಇದ್ದಾರೆ. ನಿನ್ನೆ ಹೋಗಿ ಮಾತಾಡಿಸಿಕೊಂಡು ಬಂದೆ. "ಅಮ್ಮಾವ್ರು ಚೆನ್ನಾಗವ್ರಾ?" ಅಂತ ಮೊದಲು ಕೇಳಿದರು. ಸಂಬಳ ಒಂದು ಸಾವಿರ ಜಾಸ್ತಿ ಕೊಟ್ಟರೆ ಬರ್ತೀನಿ ಅಂದಿದ್ದಾರೆ. ಭಾನುವಾರ ನಾನು ಆ ಎರಡು ಸಾವಿರ ಕೊಡಲ್ಲ.