ರಸ್ತೆ ಬಂದೈತಿ

ಡಿಸೆಂಬರ್ ಬಂತೆಂದರೆ ಬೆಳಗಾವಿಗೆ ಎರಡು ಬರುತ್ತವೆ. ಒಂದು ಥಂಡಿ, ಇನ್ನೊಂದು ಅಧಿವೇಶನ. ಥಂಡಿಗಾದರೆ ಸ್ವೆಟರ್ ಇದೆ.

2012ರ ಅಕ್ಟೋಬರ್‌ನಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆದ ಮೇಲೆ ಇದು ನಮಗೆ ಹೆಚ್ಚುಕಡಿಮೆ ವರ್ಷದ ಜಾತ್ರೆ. ಲಾಡ್ಜುಗಳೆಲ್ಲ ಭರ್ತಿ. ಕುಂದಾ ಅಂಗಡಿ ಮುಂದೆ ಸರ್ಕಾರಿ ಗಾಡಿಗಳ ಸಾಲು. ಸೌಧ ಇರುವುದು ಊರ ಹೊರಗೆ, ಹೆದ್ದಾರಿ ಪಕ್ಕ. ಆದರೂ ಮೆರವಣಿಗೆ, ಧರಣಿ, ಮಂತ್ರಿಗಳ ಓಡಾಟ ಅಂತ ಊರೊಳಗೂ ಒಂದಿಲ್ಲೊಂದು ರಸ್ತೆ ಬಂದ್ ಇದ್ದೇ ಇರುತ್ತದೆ.

ನನಗೊಂದು ಚಟ ಇದೆ. ಮುಂಜಾನೆ ಎದ್ದು ಟೆಕ್ನಾಲಜಿ ಸುದ್ದಿ ಓದುವುದು, ಆಮೇಲೆ ಅದಕ್ಕೆ ರಾಜಕೀಯ ಬೆರೆಸಿ ಚಹಾದಂಗಡಿಯಲ್ಲಿ ಹಂಚುವುದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಚಟ ಜಾಸ್ತಿಯಾಗಿದೆ. ಅವತ್ತು ಹೇಳಿದೆ: "ಇನ್ನ ಮುಂದ ಶಾಸಕರ ಭಾಷಣಾ ಎಲ್ಲಾ ಎಐನ ಬರೀತೈತಿ. ಅಧಿವೇಶನಾ ಎರಡ ತಾಸಿನ್ಯಾಗ ಮುಗೀತೈತಿ, ನೋಡ್ತಿರ್ರಿ."

ಚಹಾ ಸೋಸುತ್ತಿದ್ದವನು ತಲೆ ಎತ್ತದೆ ಕೇಳಿದ: "ಭಾಷಣಾ ಅದು ಬರೀತೈತ್ರಿ ಸರ. ಗದ್ದಲಾ ಯಾರು ಮಾಡ್ತಾರ?"

ನಾನು ಓದಿದ ಯಾವ ಲೇಖನದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಹಾಲು ತಗೊಂಡು ಮನೆ ಕಡೆ ಹೊರಟೆ.

ತಿರುವಿನಲ್ಲಿ ಪೊಲೀಸರು ಬ್ಯಾರಿಕೇಡ್ ಹಾಕಿದ್ದರು. ಓಣಿಯ ವಾಟ್ಸಾಪ್ ಗ್ರೂಪಿಗೆ ತಿಳಿಸೋಣ ಅನ್ನಿಸಿತು. ಒಂದು ಕೈಯಲ್ಲಿ ಹಾಲಿನ ಪಾಕೀಟು, ಇನ್ನೊಂದರಲ್ಲಿ ಕೊತ್ತಂಬರಿ ಸಿವುಡು. ಟೈಪ್ ಮಾಡುವುದು ಯಾರಿಗೆ ಬೇಕು? ಹೆಬ್ಬೆರಳಿಂದ ಮೈಕ್ ಒತ್ತಿ, "ಅಧಿವೇಶನದ ಸಲುವಾಗಿ ರಸ್ತೆ ಬಂದ್ ಐತಿ, ಸುತ್ತ ಹಾಕಿ ಬರ್ರಿ" ಅಂದೆ. ನೋಡದೆ ಕಳಿಸಿದೆ.

ಫೋನು ಹೈಸ್ಕೂಲಿನ ಸಂಧಿ ಪಾಠ ಚೆನ್ನಾಗಿ ಓದಿತ್ತು. ಬಂದ್ ಮತ್ತು ಐತಿ ಸೇರಿಸಿ ಹೀಗೆ ಬರೆದಿತ್ತು: "ಅಧಿವೇಶನದ ಸಲುವಾಗಿ ರಸ್ತೆ ಬಂದೈತಿ ಸುತ್ತ ಹಾಕಿ ಬರ್ರಿ."

ಬೇರೆ ಓಣಿಯಾಗಿದ್ದರೆ ಜನ ನಕ್ಕು ಬಿಡುತ್ತಿದ್ದರು. ನಮ್ಮ ಓಣಿಯನ್ನು ಎರಡು ವರ್ಷದ ಹಿಂದೆ ಪೈಪಿಗೆ ಅಂತ ಅಗೆದಿದ್ದಾರೆ. ಪೈಪು ಒಳಗೆ ಹೋಯಿತು, ಅಗೆದವರು ಹೊರಗೆ ಹೋದರು. ನಮ್ಮ ಮನೆ ಮುಂದಿನ ತಗ್ಗಿನ ಮೇಲೆ ಹಳೇ ಕಪಾಟಿನ ಬಾಗಿಲು ಹಾಸಿದ್ದೇವೆ. ಅದರ ಚಿಲಕ ಇನ್ನೂ ಇದೆ. ಬಂದ ಬೀಗರೆಲ್ಲ ಅದಕ್ಕೇ ಎಡವುತ್ತಾರೆ. ಇಂಥ ಓಣಿಗೆ ಅಧಿವೇಶನದ ಪುಣ್ಯದಿಂದ ರಸ್ತೆ ಬಂದಿದೆ, ಒಂದು ಸುತ್ತು ಹಾಕಿ ನೋಡಿ ಬನ್ನಿ ಅಂದರೆ ಯಾರು ನಂಬಲ್ಲ? ಮಂತ್ರಿ ಬರುವ ಹಿಂದಿನ ರಾತ್ರಿ ಡಾಂಬರು ಬೀಳುವುದು ನಾವು ಕಾಣದ್ದೇನಲ್ಲ.

ಮನೆ ಮುಟ್ಟುವಷ್ಟರಲ್ಲಿ ಗ್ರೂಪಿನಲ್ಲಿ ನಲವತ್ತು ಮೆಸೇಜು. ಮೊದಲ ಹತ್ತು ಕೈ ಮುಗಿಯುವ ಚಿತ್ರ. ಆಮೇಲೆ ಜಗಳ. ರಿಟೈರ್ಡ್ ಮಾಸ್ತರು ಇದು ಕೇಂದ್ರದ ಸ್ಮಾರ್ಟ್ ಸಿಟಿ ರಸ್ತೆ ಅಂದರು. 2016ರ ಜನವರಿಯ ಮೊದಲ ಪಟ್ಟಿಯ 20 ಊರುಗಳಲ್ಲಿ ನಮ್ಮ ಬೆಳಗಾವಿಯೂ ಇತ್ತು ಅಂತ ನೆನಪಿಸಿದರು. ಅದು ನಿಜ. ಕಿರಾಣಿ ಅಂಗಡಿಯವರು, ಆ ಯೋಜನೆಯಲ್ಲಿ ಕೇಂದ್ರ ಕೊಟ್ಟಷ್ಟೇ ರಾಜ್ಯದ ಕಡೆಯಿಂದಲೂ ಹಾಕಬೇಕು ಅಂದರು. ಅದೂ ನಿಜ. ಇಬ್ಬರದೂ ನಿಜ, ರಸ್ತೆ ಒಂದೇ ಸುಳ್ಳು. ಇಬ್ಬರೂ ಹೊರಗೆ ಬಂದು ನೋಡಲಿಲ್ಲ. ನೋಡಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತಲ್ವಾ?

ಅಷ್ಟರಲ್ಲಿ ಮೂಲೆಮನೆ ಕಾಲೇಜು ಹುಡುಗ ಒಂದು ಫೋಟೋ ಹಾಕಿದ. ಕನ್ನಡಿಯಂಥ ಕಪ್ಪು ರಸ್ತೆ, ಎರಡೂ ಕಡೆ ಹೂವಿನ ಗಿಡ, ಸಾಲು ದೀಪ. ಎಐ ಫೋಟೋ ಹಿಡಿಯಬೇಕಾದರೆ ಬೆರಳು ಎಣಿಸಿ ಅಂತ ಎಲ್ಲರಿಗೂ ಹೇಳಿಕೊಟ್ಟವನು ನಾನೇ. ಇದರಲ್ಲಿ ಮನುಷ್ಯರೇ ಇರಲಿಲ್ಲ. ಅಂಗಡಿಯ ಬೋರ್ಡು ಮಾತ್ರ ಇತ್ತು. ಅದರ ಮೇಲಿನ ಅಕ್ಷರ ಅತ್ತ ಕನ್ನಡವೂ ಅಲ್ಲ, ಇತ್ತ ಮರಾಠಿಯೂ ಅಲ್ಲ. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ ಕಾನೂನಿದೆ. ಇದರಲ್ಲಿ ಏನನ್ನು ಅಳೆಯುವುದು? ಬೆಳಗಾವಿಯಲ್ಲಿ ನಿಜವಾಗಿ ಇಂಥ ಬೋರ್ಡು ಹಾಕಿದರೆ ಎರಡೂ ಕಡೆಯವರು ಮೊದಲ ಸಲ ಕೂಡಿ ಮೆರವಣಿಗೆ ತೆಗೆದಾರು.

ಒಳಗಿಂದ ಅವ್ವ ಕೋಲು ಹಿಡಿದು ಬಂದಳು. "ರಸ್ತೆ ಬಂದೈತಂತಲ್ಲೋ. ಎಲ್ಲೀಮಟಾ ಬಂದೈತಿ?" ಬಸ್ ಇಳಿದ ಬೀಗರನ್ನು ವಿಚಾರಿಸಿದ ಹಾಗೆ ಕೇಳಿದಳು.

"ಇಲ್ಲಬೇ, ಫೋನ್ ತಪ್ಪ ಬರದೈತಿ."

"ಕೆಲಸದವರಿಗೆ ಚಾ ಕೊಡಬೇಕಲ್ಲ, ಹಾಲು ಎಷ್ಟ ತಂದಿ?"

ಇನ್ನು ತಡ ಮಾಡಬಾರದು ಅಂತ ಈ ಸಲ ಬೆರಳಿಂದಲೇ ಟೈಪ್ ಮಾಡಿದೆ. ಬಂದ್ ಅನ್ನುವ ಶಬ್ದದ ಸಹವಾಸವೇ ಬೇಡ ಅಂತ, "ತಪ್ಪಾಗೈತಿ. ರಸ್ತೆ ಮುಚ್ಚ್ಯಾರ" ಅಂತ ಬರೆದೆ. ಮಾಸ್ತರ ಉತ್ತರ ತಕ್ಷಣ ಬಂತು: "ತಗ್ಗು ಮುಚ್ಚಿದ್ರ ಸಾಕಿತ್ತು. ರಸ್ತೆ ಯಾಕ ಮುಚ್ಚಿದ್ರು?"

ಸಂಜೆಗೆ ಆ ಫೋಟೋ ಊರೆಲ್ಲ ತಿರುಗಿ, ತಲೆ ಮೇಲೆ ಜೋಡಿ ಬಾಣ ಹೊತ್ತುಕೊಂಡು ನನ್ನ ಹತ್ತಿರವೇ ಬಂತು. ಬಹಳ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಮ್ಮೆಗೆ ಒಬ್ಬರಿಗೆ ಮಾತ್ರ ಕಳಿಸಬಹುದು ಅಂತ ವಾಟ್ಸಾಪ್ 2020ರಲ್ಲೇ ಕಟ್ಟು ಹಾಕಿದೆ. ನಮ್ಮ ಜನಕ್ಕೆ ತಾಳ್ಮೆ ಇದೆ, ಒಬ್ಬೊಬ್ಬರಿಗೇ ಕಳಿಸುತ್ತಾರೆ. ಕಳಿಸಿದವಳು ಬಾಗಲಕೋಟೆಯ ನನ್ನ ತಂಗಿ. ಹಳೇ ಊರಿನ ಒಂದಷ್ಟು ಭಾಗ ಆಲಮಟ್ಟಿ ಹಿನ್ನೀರಿಗೆ ಹೋಗುತ್ತದೆ ಅಂತ ಕಟ್ಟಿದ ನವನಗರದಲ್ಲಿ ಅವಳ ಮನೆ. ಅಲ್ಲಿ ಸೆಕ್ಟರಿಗೆ ನಂಬರಿದೆ, ರಸ್ತೆಗೆ ಅಗಲವಿದೆ. ಈ ಕಾರಣಕ್ಕೇ ಅಳಿಯಂದಿರು ಹೊಸ ಕಾರು ತಗೊಂಡರೂ ನಮ್ಮಲ್ಲಿಗೆ ತಂದಿರಲಿಲ್ಲ.

"ಅಣ್ಣಾ, ನಿಮ್ಮ ಓಣಿ ಏನ್ ಚಂದ ಆಗೈತೋ! ರವಿವಾರ ಬರ್ತೀವಿ."

ನಾನಾಗ ಕಪಾಟಿನ ಬಾಗಿಲಿನ ಚಿಲಕ ಕೀಳುತ್ತಾ ಕೂತಿದ್ದೆ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಉಳಿ. ಗತಿಯಿಲ್ಲದೆ ಮತ್ತೆ ಮೈಕ್ ಒತ್ತಿ ಕೂಗಿದೆ: "ಕಾರ್ ತರಬ್ಯಾಡ!"

ಅವಳ ಉತ್ತರ ನೋಡಿದ ಮೇಲೆ ನನ್ನ ಮೆಸೇಜು ಓದಿದೆ. "ಖಾರ ತರಬ್ಯಾಡ" ಅಂತ ಇತ್ತು.

"ಹೋದ ಸಲ ಕುಟ್ಟಿಸಿ ಕೊಟ್ಟದ್ದು ಇನ್ನೂ ಮುಗದಿಲ್ಲೇನ? ಆತು ಬಿಡು, ಶೇಂಗಾ ಹೋಳಿಗಿ ತರ್ತೀನಿ. ಹನ್ನೊಂದಕ್ಕ ಕಾರ್ ನಿಮ್ಮ ಬಾಗಲಾಗ ಇರ್ತೈತಿ."