ಲಿಫ್ಟ್ ಕೆಟ್ಟಿದೆಯಾ?

ಮೆಟ್ಟಿಲು ಹತ್ತುವವರನ್ನು ಯಾರೂ ನಂಬುವುದಿಲ್ಲ. ಪಾರ್ಕಿನಲ್ಲಿ ಓಡಿದರೆ ವ್ಯಾಯಾಮ, ಜಿಮ್ಮಿನಲ್ಲಿ ಕಬ್ಬಿಣ ಎತ್ತಿದರೂ ವ್ಯಾಯಾಮ. ಆಫೀಸಿನ ಮೆಟ್ಟಿಲು ಹತ್ತಿದರೆ ಮಾತ್ರ ಎದುರಿಗೆ ಸಿಕ್ಕವರೆಲ್ಲ ಕೇಳುವುದು ಒಂದೇ: "ಯಾಕ್ ಸಾರ್, ಲಿಫ್ಟ್ ಕೆಟ್ಟಿದೆಯಾ?"

"ಇಲ್ಲ, ವ್ಯಾಯಾಮಕ್ಕೆ ಹತ್ತುತ್ತಿದ್ದೇನೆ" ಅನ್ನಬೇಕು. ನಮ್ಮ ಆಫೀಸಿರುವುದು ಒಂಬತ್ತನೇ ಮಹಡಿಯಲ್ಲಿ. ಆರನೆಯದರ ತಿರುವಿನಲ್ಲಿ ನಿಂತವನು ಅಷ್ಟುದ್ದದ ವಾಕ್ಯಕ್ಕೆ ಉಸಿರು ಎಲ್ಲಿಂದ ತರಬೇಕು? ಸುಮ್ನೆ ತಲೆ ಅಲ್ಲಾಡಿಸುತ್ತೇನೆ. ಅವರು ಅದನ್ನು ಹೌದು ಅಂದುಕೊಳ್ಳುತ್ತಾರೆ. ಹೀಗೇ ಒಮ್ಮೆ, ಚೆನ್ನಾಗಿಯೇ ಓಡುತ್ತಿದ್ದ ಲಿಫ್ಟ್ ಕೆಟ್ಟಿದೆ ಅಂತ ಸುದ್ದಿ ಹಬ್ಬಿತು. ಯಾರೋ ದೂರನ್ನೂ ಕೊಟ್ಟರು. ಮೆಕ್ಯಾನಿಕ್ ಬಂದ. ಲಿಫ್ಟಿನಲ್ಲೇ ಮೇಲೆ ಬಂದ. ಬಂದವನು ಬರಿಗೈಲಿ ಹೋಗುವುದು ಹೇಗೆ ಅಂತಲೋ ಏನೋ, ತಪಾಸಣೆ ಮಾಡಬೇಕು ಎಂದು ಲಿಫ್ಟ್ ನಿಲ್ಲಿಸಿಯೇಬಿಟ್ಟ. ಅವತ್ತು ಸಂಜೆಯವರೆಗೂ ಇಡೀ ಆಫೀಸಿಗೆ ವ್ಯಾಯಾಮ.

ನನ್ನ ಹತ್ತಿರ ಆಧಾರ ಇಲ್ಲದೇ ಇಲ್ಲ. 1953ರಲ್ಲೇ ಜೆರ್ರಿ ಮೋರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನವರ ಬಗ್ಗೆ ಅಧ್ಯಯನ ಪ್ರಕಟಿಸಿದ್ದರು. ಕೂತೇ ಇರುವ ಡ್ರೈವರ್‌ಗಳಿಗಿಂತ, ಟಿಕೆಟ್ ಕೊಡಲು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಅಂತ. ಇದನ್ನು ಗೆಳೆಯನಿಗೆ ಹೇಳಿದೆ. "ಅವರಿಗೆ ಹತ್ತಿದ್ದಕ್ಕೆ ಸಂಬಳ ಬರ್ತಿತ್ತು ಮಾರಾಯ" ಅಂದ.

ಕ್ಯಾಲೊರಿ ಲೆಕ್ಕಕ್ಕೆ ಮಾತ್ರ ಯಾರೂ ಕೈ ಹಾಕಬಾರದು. 70 ಕಿಲೋ ತೂಕದವರು 3 ಮೀಟರ್ ಎತ್ತರದ ಒಂದು ಮಹಡಿ ಹತ್ತಿದರೆ ಸುಡುವುದು ಸುಮಾರು 2 ಕ್ಯಾಲೊರಿ. ಅದರಲ್ಲೂ ಮುಕ್ಕಾಲು ಪಾಲು ಬರೀ ಶಾಖವಾಗಿ ಹೋಗುತ್ತದೆ. ಮೇಲೆ ಮುಟ್ಟುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿಕೊಳ್ಳುವುದು ಯಾಕೆ ಅಂತ ಗೊತ್ತಾಯಿತಲ್ಲ.

ಕ್ಯಾಲೊರಿ ಬಿಟ್ಟು ಮಹಡಿ ಎಣಿಸುವುದು ಒಳ್ಳೆಯದು. ನನ್ನದೂ ಸೇರಿ ಕೆಲವು ಫೋನುಗಳೊಳಗೆ ಗಾಳಿಯ ಒತ್ತಡ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಮೇಲೇರಿದಂತೆ ಒತ್ತಡ ಕಡಿಮೆಯಾಗುತ್ತದೆ, ಜೊತೆಗೆ ಹೆಜ್ಜೆಯೂ ಬಿದ್ದರೆ ಅದು ಮಹಡಿ ಎಣಿಸುತ್ತದೆ. ಲಿಫ್ಟಿನಲ್ಲಿ ಹೋದರೆ ಹೆಜ್ಜೆ ಇಲ್ಲ, ಮೋಸ ನಡೆಯುವುದಿಲ್ಲ. ಆದರೆ ಒಂದು ಬೆಳಿಗ್ಗೆ ಕೆಳಗೆ ಸಿಕ್ಕ ಸಹೋದ್ಯೋಗಿಗೆ ನನ್ನ ಮೇಲೆ ಕನಿಕರ ಬಂತು. "ಬ್ಯಾಗ್ ಆದ್ರೂ ಕೊಡಿ ಸಾರ್, ನಾನು ಲಿಫ್ಟಲ್ಲಿ ತಗೊಂಡು ಹೋಗಿ ಟೇಬಲ್ ಮೇಲೆ ಇಡ್ತೀನಿ." ಕೈಬೀಸಿಕೊಂಡು ಹತ್ತುವ ಸುಖವೇ ಬೇರೆ. ಒಂಬತ್ತನೇ ಮಹಡಿಯ ಬಾಗಿಲ ಮುಂದೆ ನಿಂತಾಗ ನೆನಪಾಯಿತು, ಫೋನ್ ಬ್ಯಾಗಿನಲ್ಲಿದೆ. ಕಾರ್ಡೂ ಬ್ಯಾಗಿನಲ್ಲಿದೆ.

ಬೆಂಕಿ ಬಿದ್ದರೆ ಓಡಿಹೋಗಲು ಮಾಡಿದ ಬಾಗಿಲು ಅದು. ಒಳಗಿನಿಂದ ತಳ್ಳಿದರೆ ಸಾಕು, ಮೆಟ್ಟಿಲಿಗೆ ಬರಬಹುದು. ಮೆಟ್ಟಿಲಿನಿಂದ ಒಳಗೆ ಹೋಗಲು ಕಾರ್ಡ್ ಬೇಕು. ಬಡಿದೆ. ಆ ಕಡೆ ಯಾರೋ ಜೋರಾಗಿ ನಗುತ್ತಿದ್ದರು, ನನ್ನ ಸದ್ದಿಗೆ ನಗು ಕೂಡ ನಿಲ್ಲಲಿಲ್ಲ. ಎಂಟನೆಯದು ಬಡಿದೆ, ಏಳನೆಯದು ಬಡಿದೆ. ಕೊನೆಗೆ ಬಡಿಯುವುದನ್ನು ಬಿಟ್ಟು ತಳದವರೆಗೂ ಇಳಿದೆ. ಫೋನಿನ ಪ್ರಕಾರ ಅವತ್ತು ನಾನು ಹತ್ತಿದ ಮಹಡಿ ಸೊನ್ನೆ.

ನಾನು ದಿನಾ ಹತ್ತುವವನೇ ಹೊರತು ಇಳಿಯುವವನಲ್ಲ, ಇಳಿಯಲು ಲಿಫ್ಟೇ. ಇಳಿಯುವುದರಲ್ಲಿ ಏನಿದೆ ಅನ್ನುವವರು ಕೇಳಿ. ಇಳಿಯುವಾಗ ತೊಡೆಯ ಸ್ನಾಯು ಒಂದು ಕಡೆ ಹಿಗ್ಗುತ್ತಾ, ಇನ್ನೊಂದು ಕಡೆ ಮೈಭಾರಕ್ಕೆ ಬ್ರೇಕ್ ಹಾಕುತ್ತಿರಬೇಕು. ಅಭ್ಯಾಸ ಇಲ್ಲದವರಿಗೆ ಆ ನೋವು ಕೂಡಲೇ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ನಿಧಾನವಾಗಿ ಬರುತ್ತದೆ. ನನಗೆ ಅದು ಬಂದದ್ದು ಸರಿಯಾಗಿ ಮೀಟಿಂಗ್ ಹೊತ್ತಿಗೆ. ಕುರ್ಚಿಯಲ್ಲಿ ಕೂರಲಿಲ್ಲ, ಬಿದ್ದೆ. ಮೀಟಿಂಗ್ ಮುಗಿದು ಎಲ್ಲರೂ ಎದ್ದರು. ನನಗೆ ಏಳಲು ಆಗುತ್ತಿಲ್ಲ. "ನೀವು ಹೋಗಿರಿ, ಮಾತಾಡಿದ್ದನ್ನೆಲ್ಲ ಒಂದ್ಸಲ ಬರೆದುಕೊಂಡು ಬರ್ತೀನಿ" ಅಂದೆ.

ಬಾಸಿಗೆ ಇದು ತುಂಬಾ ಹಿಡಿಸಿತು. ಈಗ ಎಲ್ಲ ಮೀಟಿಂಗಿನ ಟಿಪ್ಪಣಿ ಬರೆಯುವ ಕೆಲಸ ನನ್ನದೇ.